ಕಲ್ಲುಮನೆಯ ಸುತ್ತ ಸುತ್ತಿದವರು

ಅವರು ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಅಂಚಿನಲ್ಲಿ ಒಂದಿಷ್ಟು ಒರಗಿ, ಒಂದು ಕಾಲನ್ನು ಆಗಲೇ ಬಾಗಿಲ ಕಡೆ ತಿರುಗಿಸಿಟ್ಟುಕೊಂಡು, ಇನ್ನೊಂದು ಕಾಲನ್ನು ಅಲ್ಲಾಡಿಸುತ್ತಾ ಫೈಲು ನೋಡುತ್ತಿದ್ದರು. ಜಯನಗರದ ನಮ್ಮ ಆಫೀಸಿನಲ್ಲಿ ಜಾಗ ಕಡಿಮೆ. ಹಾಗಾಗಿ ಅವರ ಮೇಜನ್ನೂ ನನ್ನ ಟೈಪ್‌ರೈಟರ್ ಮೇಜನ್ನೂ ಅಂಟಿಸಿ ಹಾಕಿದ್ದರು. ಅವರ ಕಾಲು ಅಲ್ಲಾಡಿದರೆ ನನ್ನ ಮೇಜು ನಡುಗುತ್ತಿತ್ತು. "ಸಾರ್, ಕಾಲು!" ಎಂದು ನಾನು ಕೂಗುವುದು, "ಓ, ಸಾರಿ ಕಣಮ್ಮ" ಎಂದು ಅವರು ಎದ್ದೇಬಿಡುವುದು. ಎದ್ದವರು ಕಾರಿಡಾರಿನಲ್ಲಿ ಸುತ್ತು ಹಾಕಿ ಬಂದು ಮತ್ತೆ ಅಂಚಿಗೇ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಮೇಜು ನಡುಗುತ್ತಿತ್ತು.

ಹೆಸರು ಬರೆಯುವುದಿಲ್ಲ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಗಂಡನ ಹೆಸರು ಅಚ್ಚಾಗಿ ಯಾರ್ಯಾರ ಕೈಗೋ ಹೋಗುವುದು ಅವರ ಹೆಂಡತಿಗೆ ಬೇಡವಂತೆ. ಆಕೆಯನ್ನು ನಾನು ಕರೆಯುವುದು ಅಕ್ಕ ಎಂದು, ಇಲ್ಲೂ ಅಕ್ಕನೇ. ಇನ್ನು ಅವರ ಮೇಲೆ ನಿನಗೇನಿತ್ತು ಎಂದು ಯಾರಾದರೂ ಕೇಳಿದರೆ, ಗೌರವ ಗಿರವ ಆಮೇಲಿನ ಮಾತು, ಮೊದಲು ಸಿಟ್ಟಿತ್ತು. ಈಗಲೂ ಇದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ, ಆದರೆ ಬದುಕಿದ್ದಾಗ ಪೂರ್ತಿ ಮಾಡಿಕೊಳ್ಳಲು ಆ ಮನುಷ್ಯ ಒಂದು ಕಡೆ ನಿಂತಿದ್ದರೆ ತಾನೇ?

ಅಕ್ಕನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಸ್ವಂತ ಮನೆ. ಮಕ್ಕಳಿರಲಿಲ್ಲ, ಅದರ ಬಗ್ಗೆ ಆಕೆ ಹೆಚ್ಚು ಮಾತಾಡುತ್ತಿರಲಿಲ್ಲ. ಮನೆಯ ಬಗ್ಗೆ ಮಾತ್ರ ಬಾಯಿ ತುಂಬಾ ಮಾತಾಡುತ್ತಿದ್ದರು. "ದೊಡ್ಡದೇನೂ ಬೇಡ ಕಣೇ. ನಾನು ಗೋಡೆಗೆ ಮೊಳೆ ಹೊಡೆದ್ರೆ ಮೇಲಿಂದ ಯಾರೂ ಇಳಿದು ಬರಬಾರ್ದು, ಅಷ್ಟೇ" ಎನ್ನುತ್ತಿದ್ದರು. ಬಾಡಿಗೆಗೆ ಇದ್ದವರಿಗೆ ಈ ಮೊಳೆಯ ವಿಷಯ ಗೊತ್ತು. ಓನರು ಬೀಗದಕೈ ಕೊಡುವಾಗ ಹೇಳುವ ಮೊದಲನೇ ಮಾತೇ ಅದು, ಮೊಳೆ ಹೊಡೀಬೇಡಿ. ಆಮೇಲೆ ನೀರಿನ ಟೈಮು, ಆಮೇಲೆ ನೆಂಟರು. ತಿಲಕನಗರ, ಜಯನಗರ ಒಂಬತ್ತನೇ ಬ್ಲಾಕು, ಬನಶಂಕರಿ ಎರಡನೇ ಸ್ಟೇಜು, ಮತ್ತೆ ಜಯನಗರ, ಕೊನೆಗೆ ಪದ್ಮನಾಭನಗರ. ಅಷ್ಟೂ ಕಡೆ ಅಕ್ಕ ಹಾಲುಕ್ಕಿಸಿದ್ದಾರೆ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವುದರಲ್ಲಿ, ತೆಗೆಯುವುದರಲ್ಲಿ ಆಕೆಯ ಅರ್ಧ ಆಯಸ್ಸು ಹೋಯಿತು. ಅಷ್ಟು ಸಲ ಮನೆ ಬಿಡಿಸಿದ್ದು ಬೇರೇನೂ ಅಲ್ಲ, ಕಲ್ಲು.

ಅದು ಶುರುವಾದದ್ದು ಲೈಬ್ರರಿಯಲ್ಲಿ. ಯಾವುದೋ ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಅವರು ಯುರೋಪಿನ ಕಡಲತೀರದ ಗುಡ್ಡಗಳ ಚಿತ್ರ ನೋಡಿದರು. ಲಾರಿಯಷ್ಟು ದೊಡ್ಡ ಬಂಡೆಗಳನ್ನು ನಿಲ್ಲಿಸಿ, ಮೇಲೊಂದು ಬಂಡೆ ಮುಚ್ಚಿ ಮಾಡಿದ ಗೋರಿಗಳು. ಕಟ್ಟಿದವರು ಹೊಸ ಶಿಲಾಯುಗದ ಜನ, ಆಗಷ್ಟೇ ಬಿತ್ತಿ ಬೆಳೆಯುವುದನ್ನು ಕಲಿತವರು, ಕಬ್ಬಿಣದ ಹೆಸರೇ ಕೇಳದವರು. ಅವರು ಬದುಕಿದ್ದ ಗುಡಿಸಲುಗಳ ಗುರುತು ಹುಡುಕಿದರೂ ಸಿಗುವುದು ಕಷ್ಟವಂತೆ. ಸತ್ತವರಿಗೆಂದು ಕಟ್ಟಿದ್ದು ಮಾತ್ರ ಹಾಗೇ ನಿಂತಿದೆ. ಮಾರನೇ ದಿನ ಆಫೀಸಿಗೆ ಬಂದವರೇ ಟಿಫಿನ್ ಡಬ್ಬಿಯನ್ನೂ ಕೆಳಗಿಡದೆ ನನ್ನ ಮೇಜಿನ ಮುಂದೆ ನಿಂತರು.

"ಯಾಕಮ್ಮ ಕಟ್ಟಿದ್ರು?"

"ಯಾರು ಸಾರ್, ಏನನ್ನ?"

"ತಮಗೇ ಸೋರದೇ ಇರೋ ಒಂದು ಸೂರಿಲ್ಲ. ಸತ್ತೋರಿಗೆ ಕಲ್ಲಿನ ಮನೆ! ಎಷ್ಟು ಜನ ಬೇಕು, ಎಷ್ಟು ದಿನ ಬೇಕು, ಅಷ್ಟು ದಿನ ಅವರ ಹೊಟ್ಟೆಗೆ ಯಾರು ಹಾಕಿದ್ರು? ಯಾಕೆ ಬೇಕಿತ್ತು? ತಲೆ ಕೆಡುತ್ತಲ್ಲಮ್ಮ."

"ನಿಮ್ಮ ತಲೆ ಕೆಡೋಕೆ ಅಷ್ಟು ದೊಡ್ಡ ಕಲ್ಲೇನೂ ಬೇಕಾಗಿಲ್ಲ ಬಿಡಿ ಸಾರ್" ಎಂದೆ. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ, ಕಾರಿಡಾರಿಗೆ ಹೋದರು.

ಯಾಕೆ ಎನ್ನುವುದು ಒಂದು ಹುಳ, ಹೇಗೆ ಎನ್ನುವುದು ಇನ್ನೊಂದು. ಮೊದಲು ಮೇಜಿನ ಮೇಲೆ ಪ್ರಯೋಗ ನಡೆಯಿತು. ಪೆನ್ಸಿಲ್ಲುಗಳನ್ನು ಸಾಲಾಗಿ ಇಟ್ಟು ಅದರ ಮೇಲೆ ಪೇಪರ್‌ವೆಯ್ಟನ್ನು ತಳ್ಳುವುದು, ಫೈಲುಗಳನ್ನು ಇಳಿಜಾರಾಗಿ ಒಟ್ಟಿ ಅದನ್ನು ಮೇಲಕ್ಕೆ ಹತ್ತಿಸುವುದು. ಅದು ಮುಗಿದು ಮನೆಗೆ ಬಂತು. ಒಂಬತ್ತನೇ ಬ್ಲಾಕಿನ ಮನೆಯ ಹಿತ್ತಿಲಲ್ಲಿ ಓನರಮ್ಮನ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಒಂದು ಭಾನುವಾರ ಇವರು ಕೆಲವು ಸೈಜುಗಲ್ಲುಗಳನ್ನು ನೆಟ್ಟು ನಿಲ್ಲಿಸಿ, ಕನಕಾಂಬರದ ಪಾತಿಯಿಂದ ಮಣ್ಣು ತೆಗೆದು ಇಳಿಜಾರು ಮಾಡಿ, ಬೊಂಬು ಹಾಸಿ, ಆ ಒಗೆಯುವ ಕಲ್ಲನ್ನು ಹಾರೆಯಿಂದ ಮೀಟುತ್ತಾ ಹತ್ತಿಸಲು ಹೊರಟರು. ಮುಕ್ಕಾಲು ಹತ್ತಿತಂತೆ. ಅಲ್ಲಿಂದ ಜಾರಿದ್ದು ನೇರ ಹೋಗಿ ನೀರಿನ ಸಂಪಿನ ಮುಚ್ಚಳದ ಮೇಲೆ ಬಿತ್ತು. ಮುಚ್ಚಳ ಹೋಳಾಯಿತು. ಓನರಮ್ಮ ಬಂದು ನೋಡಿ ಒಳಗೆ ಹೋದರು. ಸಂಜೆ ಅವರ ಯಜಮಾನರು ಬಂದರು.

"ಸಾರ್, ನೀವು ಒಳ್ಳೇವ್ರು, ಅದರ ಬಗ್ಗೆ ಎರಡು ಮಾತಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡಿ."

ಇವರು ಅದಕ್ಕೆ, "ಮಣ್ಣು ಒದ್ದೆ ಇತ್ತು ಸಾರ್, ಒಣಮಣ್ಣಾಗಿದ್ರೆ ಜಾರ್ತಿರ್ಲಿಲ್ಲ" ಎಂದರಂತೆ. ಅಕ್ಕ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಗೋಣಿಚೀಲ ತೆಗೆಯಲು ಅಟ್ಟ ಹತ್ತುತ್ತಿದ್ದರು. ಬನಶಂಕರಿಯ ಮನೆಯಲ್ಲಿ, ಕಾಂಪೌಂಡಿನ ಕಲ್ಲು ಚಪ್ಪಡಿಯನ್ನು ಎಷ್ಟು ಆಳಕ್ಕೆ ಹೂತರೆ ಬೀಳದೆ ನಿಲ್ಲುತ್ತದೆ ಎಂದು ನೋಡಲು ಬುಡ ಕೆದಕಿದರು. ಚಪ್ಪಡಿ ವಾಲಿತು, ಸಂದಿಯಲ್ಲಿ ಪಕ್ಕದವರ ಎಮ್ಮೆ ನುಗ್ಗಿ ಓನರ ಬಾಳೆಗಿಡ ಮೇಯಿತು. ಮತ್ತೆ ಅದೇ ಮಾತು, ಖಾಲಿ ಮಾಡಿ. ಅವರ ಮನೆಯಲ್ಲಿ ಆ ಎರಡು ಪದ ಕೇಳಿಬರದ ವರ್ಷ ಇರಲಿಲ್ಲ.

ಭಾನುವಾರ ಬಂತೆಂದರೆ ನಮ್ಮಿಬ್ಬರನ್ನೂ ಹೊರಡಿಸುತ್ತಿದ್ದರು. ನನಗಾಗ ಮದುವೆಯಾಗಿರಲಿಲ್ಲ, ಅಮ್ಮನ ಜೊತೆ ಇದ್ದೆ. ಅಕ್ಕನಿಗೆ ಜೊತೆ ಬೇಕು ಎನ್ನುವ ನೆಪದಲ್ಲಿ ಹೋಗುತ್ತಿದ್ದೆ. ಕೋಣನಕುಂಟೆ, ಉತ್ತರಹಳ್ಳಿ, ಸುಬ್ರಹ್ಮಣ್ಯಪುರ, ಎಲ್ಲಾ ಆಗ ರಾಗಿ ಹೊಲ, ಕುರುಚಲು, ಬಂಡೆ. ಬಸ್ಸು ಇಳಿದು ಅವರು ಮುಂದೆ ದಾಪುಗಾಲು ಹಾಕುವುದು, ನಾವು ಚಿತ್ರಾನ್ನದ ಡಬ್ಬಿ ಹಿಡಿದು ಹಿಂದೆ ಓಡುವುದು. "ಯಾರಾದ್ರೂ ನೋಡಿದ್ರೆ ಕಳ್ಳನ್ನ ಅಟ್ಟಿಸ್ಕೊಂಡು ಹೋಗ್ತಿದೀವಿ ಅನ್ಕೋತಾರೆ" ಎಂದು ಅಕ್ಕ ಗೊಣಗುತ್ತಿದ್ದರು.

ಹಾಗೆ ಓಡುತ್ತಿದ್ದಾಗಲೇ ಸುಬ್ರಹ್ಮಣ್ಯಪುರದ ಆಚೆ ಒಂದು ದಿಣ್ಣೆಯ ಮೇಲೆ ಅದು ಸಿಕ್ಕಿತು. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ದಪ್ಪ ಬಂಡೆ ಮುಚ್ಚಿದ ಪುಟ್ಟ ಮನೆ. ಎದೆಮಟ್ಟಕ್ಕೂ ಬರುವುದಿಲ್ಲ. ಮೂಡಣ ದಿಕ್ಕಿನ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ, ಸುತ್ತ ಪಾಪಾಸುಕಳ್ಳಿ. ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ದೂರದಿಂದಲೇ ಕೂಗಿದಳು. "ಅದು ಪಾಂಡವ್ರ ಮನೆ ಕಣವ್ವ! ವನವಾಸ ಬಂದಾಗ ಇದ್ರಂತೆ. ನಾವ್ಯಾರೂ ಮುಟ್ಟಾಕಿಲ್ಲ."

ಅವರ ಮುಖ ಕೆಂಪೇರಿತ್ತು. ಬಾಯಿಂದ ಮಾತು ಹೊರಟದ್ದು ನಿಲ್ಲಲಿಲ್ಲ. "ಇಲ್ಲೇ ಇತ್ತಲ್ಲೇ! ನಾನು ಎಲ್ಲೆಲ್ಲೋ ಕಡಲಾಚೆ ಅನ್ಕೊಂಡು ಕೂತಿದ್ನಲ್ಲೇ, ಬಸ್ ಸ್ಟಾಪಿಂದ ನಡೆಯೋ ದೂರದಲ್ಲಿ ಇತ್ತಲ್ಲೇ!" ಎಂದು ಹೆಂಡತಿಯ ತೋಳು ಹಿಡಿದು ಅಲ್ಲಾಡಿಸಿದರು. ನನ್ನ ಕಡೆ ತಿರುಗಿ, ಪಾಠ ಒಪ್ಪಿಸುವ ಹಾಗೆ, "ಇದು ಅಷ್ಟು ಹಳೇದಲ್ಲಮ್ಮ. ಅಲ್ಲಿಂದು ಕಲ್ಲಿನ ಕಾಲದ್ದು, ನಮ್ಮ ಕಡೇದೆಲ್ಲ ಕಬ್ಬಿಣ ಬಂದ ಮೇಲಿಂದು ಅಂತಾರೆ. ಆದ್ರೂ ಸಾವಿರಾರು ವರ್ಷ. ಪ್ರಶ್ನೆ ಅದೇ ಅಲ್ವಾ?" ಎಂದರು. ಇಲ್ಲಾದರೂ ಒಂದು ಕಡೆ ಕೂರುತ್ತಾರೇನೋ ಎಂದು ನಾವು ಚಿತ್ರಾನ್ನ ಬಿಚ್ಚಿದೆವು. ಎಲ್ಲಿಯ ಕೂರುವುದು! ಕೈಯಲ್ಲಿ ತುತ್ತು ಹಿಡಿದುಕೊಂಡೇ ಕಲ್ಲುಮನೆಯ ಸುತ್ತ ಸುತ್ತಲು ಶುರುಮಾಡಿದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅಲ್ಲಿಗೇ. ಪ್ರತಿ ಭಾನುವಾರವೂ ಹೊಸ ಉತ್ತರ, ಊಟ ಮುಗಿಯುವುದರೊಳಗೆ ಅದನ್ನು ಅವರೇ ಬೀಳಿಸುವುದು. "ಭಯಕ್ಕೆ ಕಟ್ಟಿದ್ರು ಅಂತಾರೆ, ಸತ್ತೋರು ಎದ್ದು ಬರಬಾರ್ದು ಅಂತ ಮೇಲೆ ಭಾರ ಹೇರಿದ್ರು ಅಂತ. ಹಂಗಿದ್ರೆ ಕಿಂಡಿ ಯಾಕೆ ಬಿಟ್ರು? ಹೆದರಿಕೊಂಡೋನು ಬಾಗಿಲು ತೆಗೆದಿಡ್ತಾನಾ?" ಇನ್ನೊಂದು ವಾರ, "ದೊಡ್ಡಸ್ತಿಕೆಗೆ ಅಂತಾರೆ. ದೊಡ್ಡಸ್ತಿಕೆ ತೋರ್ಸೋನು ತಾನಿರೋ ಮನೇನ ಕಟ್ತಾನೆ, ಅಲ್ವಾ?"

"ನೀವು ಮೊದ್ಲು ಒಂದು ಕಟ್ಟಿ ತೋರ್ಸಿ" ಎನ್ನುತ್ತಿದ್ದರು ಅಕ್ಕ, ಬಂಡೆಗೆ ಒರಗಿ ಕಾಲು ಚಾಚಿಕೊಂಡು. "ಆಮೇಲೆ ಯಾಕೆ ಅಂತ ನಾನು ಹೇಳ್ತೀನಿ."

ಆ ಹೊತ್ತಿಗೆ ನಮ್ಮ ಆಫೀಸಿನವರೆಲ್ಲ ಸೇರಿ ಮನೆ ಕಟ್ಟುವ ಸಂಘ ಮಾಡಿಕೊಂಡಿದ್ದರು. ಜಮೀನು ಹುಡುಕುತ್ತಿದ್ದರು. ಸುಬ್ರಹ್ಮಣ್ಯಪುರದ ಕಡೆ ಜಮೀನಿದೆ ಎಂದು ಕರೆದುಕೊಂಡು ಹೋಗಿ ತೋರಿಸಿದವರು ಇವರೇ. ಹೆಂಡತಿಗೂ ಮನೆಯಾಯಿತು, ತನಗೂ ಕಲ್ಲು ಹತ್ತಿರವಾಯಿತು ಎನ್ನುವ ಲೆಕ್ಕ. ದಿಣ್ಣೆಯ ಭಾಗವನ್ನು ಪಾರ್ಕಿಗೆ ಬಿಡುತ್ತಾರೆ ಎಂದುಕೊಂಡಿದ್ದರು, ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ. ನಕ್ಷೆ ಬಂದಾಗ ದಿಣ್ಣೆಯ ಮೇಲೂ ಸೈಟು ಬಿದ್ದಿತ್ತು.

ಸೈಟು ಹಂಚಿದ್ದು ಚೀಟಿ ಎತ್ತಿಸಿ. ಇವರು ಅಕ್ಕನನ್ನೇ ಕಳಿಸಿದರು. ಆಕೆ ಕಣ್ಣುಮುಚ್ಚಿಕೊಂಡು ಹಿತ್ತಾಳೆ ಬಿಂದಿಗೆಗೆ ಕೈಹಾಕಿ ತೆಗೆದದ್ದು ಮೂಲೆ ಸೈಟು. ಪೂರ್ವಕ್ಕೆ ಮುಖ, ಎರಡು ಕಡೆ ರಸ್ತೆ. ಆ ಸಂಜೆ ಕೊಬ್ಬರಿ ಮಿಠಾಯಿ ಮಾಡಿ ನಮ್ಮ ಬೀದಿಗೆಲ್ಲ ಹಂಚಿದರು. ಮುಂದಿನ ಭಾನುವಾರ ಇವರು ಕಲ್ಲಿನ ಹತ್ತಿರ ಸುತ್ತುತ್ತಿದ್ದರೆ, ಅಕ್ಕ ಖಾಲಿ ಸೈಟಿನಲ್ಲಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ನನ್ನನ್ನು ಒಳಗೆ ಕರೆದರು. "ಬಾ, ಚಪ್ಪಲಿ ಅಲ್ಲೇ ಬಿಡು. ಇದು ಹಾಲು. ಇಲ್ಲಿ ಅಡುಗೆಮನೆ, ಕಿಟಕಿ ಈ ಕಡೆ." ನಾನು ನಿಜವಾಗಿಯೂ ಚಪ್ಪಲಿ ಬಿಟ್ಟು, ಸುಡುವ ನೆಲದ ಮೇಲೆ ಅಡುಗೆಮನೆ ನೋಡಿ ಬಂದೆ.

ಕಲ್ಲುಮನೆ ಇದ್ದ ಸೈಟು ನಮ್ಮ ಹೆಡ್ ಕ್ಲರ್ಕಿಗೆ ಬಂತು. ದೊಡ್ಡ ಗಂಟಲಿನ, ಹಣೆ ತುಂಬ ವಿಭೂತಿಯ ಮನುಷ್ಯ. ಕುಣಿದಾಡಿಬಿಟ್ಟರು. "ಧರ್ಮರಾಯ ಕೂತೆದ್ದ ಜಾಗ ಗುರು ನಂದು! ಯಾರಿಗಿದೆ ಈ ಯೋಗ?" ಕಿಂಡಿಯ ಸುತ್ತ ಅರಿಶಿನ ಕುಂಕುಮ ಬಳಿದರು. ಕಲ್ಲನ್ನು ಮುಂದೆ ಬಿಟ್ಟು ಹಿಂದೆ ಮನೆ ಕಟ್ಟುತ್ತೇನೆ, ದಿನಾ ದೀಪ ಇಡುತ್ತೇನೆ ಎಂದರು. ಅಂದರೆ ಕಲ್ಲಿಗೆ ಏನೂ ಆಗುತ್ತಿರಲಿಲ್ಲ. ಅಕ್ಕನ ಮನೆಗೂ ಏನೂ ಆಗುತ್ತಿರಲಿಲ್ಲ. ಒಬ್ಬ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಸಂಘದ ಸಭೆ ಒಂದು ಸ್ಕೂಲಿನ ಹಾಲಿನಲ್ಲಿ ನಡೆಯಿತು. ಮೆಂಬರುಗಳು ಮುಂದೆ, ಮನೆಯವರು ಹಿಂದಿನ ಬೆಂಚುಗಳಲ್ಲಿ. ನಾನು ಅಕ್ಕನ ಪಕ್ಕ ಕೂತಿದ್ದೆ. ರಸ್ತೆ, ನೀರು, ದೀಪದ ಕಂಬ ಎಲ್ಲ ಆದ ಮೇಲೆ ಹೆಡ್ ಕ್ಲರ್ಕ್ ಎದ್ದು ಪಾಂಡವರ ಮನೆಯ ಮಹಿಮೆ ಶುರುಮಾಡಿದರು. ಇವರ ಬೆನ್ನು ನನಗೆ ಕಾಣುತ್ತಿತ್ತು, ಬೆಂಚು ಅಲ್ಲಾಡುತ್ತಿತ್ತು. ಅಯ್ಯೋ ಎದ್ದರು ಎನ್ನುವಷ್ಟರಲ್ಲಿ ಎದ್ದೇಬಿಟ್ಟಿದ್ದರು.

"ಕ್ಷಮಿಸಿ, ಅದು ಪಾಂಡವರ ಮನೆ ಅಲ್ಲ. ಅದು ಸಮಾಧಿ."

ಅಷ್ಟಕ್ಕೇ ಕೂತರೋ, ಇಲ್ಲ. ಕೈಯಾಡಿಸುತ್ತಾ, ಖುಷಿಯಿಂದ, ಎಲ್ಲರಿಗೂ ಉಡುಗೊರೆ ಹಂಚುತ್ತಿರುವವರ ಹಾಗೆ ಹೇಳುತ್ತಾ ಹೋದರು. ಒಳಗೆ ಮೂಳೆ ಇರುತ್ತದೆ, ಜೊತೆಗೆ ಮಡಕೆ ಇಟ್ಟಿರುತ್ತಾರೆ, ಸುತ್ತಮುತ್ತ ಇನ್ನೂ ಇರಬಹುದು, ನಾವೆಲ್ಲ ಎಷ್ಟು ಪುಣ್ಯವಂತರು ನೋಡಿ! ಇಷ್ಟು ಹಳೆಯ ಸಮಾಧಿ ಎಂದು ತಿಳಿದರೆ ಇವರೆಲ್ಲರೂ ತನ್ನ ಹಾಗೇ ಕುಣಿಯುತ್ತಾರೆ ಎಂದುಕೊಂಡಿತ್ತು ಆ ಪುಣ್ಯಾತ್ಮ. ಪಾಂಡವರು ಎಂದಾಗ ಕೈ ಮುಗಿದ ಜನ, ಸಮಾಧಿ ಎಂದರೆ ಏನು ಮಾಡುತ್ತಾರೆ ಎನ್ನುವುದು ಆ ತಲೆಗೆ ಹೊಳೆಯಲೇ ಇಲ್ಲ.

ಒಬ್ಬರು ಎದ್ದು, "ಅಂದ್ರೆ ಸ್ಮಶಾನ ತೋರಿಸಿ ನಮ್ಮ ಕೈಲಿ ಸೈಟು ಮಾಡಿಸಿದ್ರಾ?" ಎಂದರು. ಅಲ್ಲಿಂದ ಗಲಾಟೆ. ಹೆಡ್ ಕ್ಲರ್ಕಿನ ಗಂಟಲು ಮೊದಲ ಸಲ ಸಣ್ಣದಾಗಿತ್ತು. "ನನ್ನ ಸೊಸೆ ಬಸುರಿ ರೀ. ಹೆಣ ಇಟ್ಟಿರೋ ಜಾಗದಲ್ಲಿ ನಾನು ಸಂಸಾರ ಹೇಗ್ರೀ ಮಾಡ್ಲಿ?" ಕಲ್ಲು ಒಡೆಯುವವರನ್ನು ಕರೆಸಿ ಅದನ್ನು ಎತ್ತಿಸಿಬಿಡುವುದು, ನೆಲ ಅಗೆಸಿ ಶಾಂತಿ ಮಾಡಿಸುವುದು ಎಂದು ತೀರ್ಮಾನ ಆಗಿಯೇಹೋಯಿತು. ಇವರು ನಿಂತೇ ಇದ್ದರು, ಕೈ ಗಾಳಿಯಲ್ಲಿ ಹಾಗೇ ಇತ್ತು.

"ಒಡೀಬೇಡಿ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಜೋರಾಗಿ, "ಒಡೀಬೇಡಿ! ನನ್ನ ಸೈಟು ತಗೊಳ್ಳಿ. ಅದನ್ನ ನನಗೆ ಕೊಟ್ಬಿಡಿ" ಎಂದು ಕಿರುಚಿದರು.

"ಮೂಲೆ ಸೈಟಾ?" ಎಂದರು ಹೆಡ್ ಕ್ಲರ್ಕ್, ನಂಬಿಕೆಯಾಗದೆ.

"ಹೂಂ ರೀ, ಮೂಲೆ ಸೈಟೇ."

ಅಕ್ಕ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಓಡಿದೆ. ಬಸ್ ಸ್ಟಾಪಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನನ್ನ ಪಿತ್ತ ನೆತ್ತಿಗೇರಿತ್ತು. "ಜಗಳ ಆಡಿ ಅಕ್ಕ, ವಾಪಸ್ ಹೋಗಿ ಎಲ್ಲರ ಮುಂದೇನೇ ಆಡಿ, ನಾನಿರ್ತೀನಿ" ಎಂದೆ.

"ಏನಂತ ಆಡ್ಲಿ? ಕುಡಿದು ಕಳೆದ್ರಾ, ಜೂಜಾಡಿ ಕಳೆದ್ರಾ? ಆ ಕಲ್ಲನ್ನ ಒಡೀತೀವಿ ಅಂದ್ರೆ ಅವರಿಗೆ ಯಾರೋ ಕೈ ತಿರುವಿದಂಗಾಗುತ್ತೆ. ನಂಗೊತ್ತಿಲ್ವಾ?" ಸೆರಗಿನಿಂದ ಮೂಗು ಒರೆಸಿಕೊಂಡರು. "ಆದ್ರೆ ಹೂಂ ಅನ್ನೋ ಮುಂಚೆ ಒಂದ್ಸಲ ಹಿಂದೆ ತಿರುಗಿ ನನ್ನ ನೋಡ್ಬೇಕಾಗಿತ್ತು ಕಣೇ. ನಾನು ಬೇಡ ಅಂತಿರ್ಲಿಲ್ಲ. ನೋಡ್ಬೇಕಾಗಿತ್ತು."

ಮಾರನೇ ದಿನ ಆಫೀಸಿನಲ್ಲಿ ನಾನು ಬಾಯಿಗೆ ಬಂದದ್ದು ಅಂದೆ. ನಾಚಿಕೆ ಆಗಲ್ವಾ ಸಾರ್ ಎಂದೂ ಕೇಳಿದೆ. "ಆಗುತ್ತೆ ಕಣಮ್ಮ" ಎಂದರು. ಮೇಜು ನಡುಗುತ್ತಿರಲಿಲ್ಲ. "ಅಲ್ಲೂ ಪಕ್ಕದಲ್ಲಿ ಜಾಗ ಇದೆ. ಅಲ್ಲೇ ಕಟ್ತೀನಿ. ಪಾಯ ತೋಡೋ ಮುಂಚೆ ಮಣ್ಣಲ್ಲಿ ಏನಿದೆ ಅಂತ ಒಂಚೂರು ನೋಡ್ಕೊಂಡುಬಿಟ್ರೆ ಆಯ್ತು."

ಆ ಒಂಚೂರು ಮುಗಿಯಲೇ ಇಲ್ಲ. ಪಾಯಕ್ಕೆ ಗುರುತು ಹಾಕಿಸುತ್ತಿದ್ದರು. ಗುದ್ದಲಿ ಬೀಳುವ ಮುಂಚೆ ತಾವೇ ಗಾರೆ ಕೆಲಸದ ಕರಣೆ ಹಿಡಿದು ಮಣ್ಣು ಕೆರೆಯುತ್ತಿದ್ದರು. ಒಂದು ಕಪ್ಪು ಕೆಂಪು ಮಡಕೆ ಚೂರು ಸಿಗುತ್ತಿತ್ತು. ಸಿಕ್ಕಿತೆಂದರೆ ಕೆಲಸ ನಿಂತಿತು, ಗುರುತು ಈಚೆಗೆ ಸರಿಯಿತು. ಹೀಗೆ ಸರಿದು ಸರಿದು ಪಾಯದ ಗುರುತು ರಸ್ತೆಗೇ ಬಂತು, ಮನೆಗೆ ಜಾಗವೇ ಉಳಿಯಲಿಲ್ಲ. ಕಲ್ಲುಮನೆಯೊಳಕ್ಕೆ ಮಾತ್ರ ಅವರು ಒಂದು ದಿನವೂ ಕೈ ಹಾಕಲಿಲ್ಲ. ಯಾಕೆ ಸಾರ್, ಅಷ್ಟು ತಿಳ್ಕೋಬೇಕು ಅಂತೀರ, ತೆಗೆದು ನೋಡಬಾರದಾ ಎಂದರೆ, "ಯಾರೋ ಮಲಗಿದಾರಮ್ಮ" ಎಂದು ಆಚೆ ನೋಡುತ್ತಿದ್ದರು.

ಉಳಿದವರ ಮನೆಗಳು ಒಂದೊಂದಾಗಿ ಎದ್ದವು. ಅಕ್ಕ ಎಲ್ಲ ಗೃಹಪ್ರವೇಶಕ್ಕೂ ಹೋದರು. ಮೂಲೆ ಸೈಟಿನಲ್ಲಿ ಹೆಡ್ ಕ್ಲರ್ಕ್ ಕಟ್ಟಿಸಿದ ಮನೆಗೂ ಹೋಗಿ, ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, "ಕಿಟಕಿ ಆ ಕಡೆ ಇಟ್ಟಿದ್ರೆ ಗಾಳಿ ಬರ್ತಿತ್ತು" ಎಂದು ಅವರ ಸೊಸೆಗೆ ಹೇಳಿ, ಹೋಳಿಗೆ ಉಂಡು ಬಂದರು. ಮನೆಗೆ ಬಂದ ಮೇಲೆ ಇವರು, "ಮುಂದಿನ ವರ್ಷ ಖಂಡಿತ ಕಣೇ" ಎಂದರಂತೆ. "ಆಗ್ಲಿ" ಎಂದರಂತೆ ಅಕ್ಕ. ಆಮೇಲೆ ಆಕೆ ಮನೆಯ ಮಾತು ಎತ್ತುವುದನ್ನೇ ಬಿಟ್ಟರು. ಅದು ಇವರನ್ನು ಇನ್ನಷ್ಟು ತಳಮಳಕ್ಕೆ ಹಚ್ಚಿತು. ಬೈದರೆ ತಡೆದುಕೊಳ್ಳುತ್ತಿದ್ದರೋ ಏನೋ. ರಾತ್ರಿಯೆಲ್ಲ ಹಾಲಿನಲ್ಲಿ ಓಡಾಡುತ್ತಾರೆ, ಕೆಳಗಿನವರಿಗೆ ನಿದ್ದೆಯಿಲ್ಲ ಎಂದು ಆಗಿನ ಓನರೂ ಖಾಲಿ ಮಾಡಿಸಿದರು. ಹಾಗೆ ಪದ್ಮನಾಭನಗರಕ್ಕೆ ಬಂದದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಆಫೀಸಿನ ಕಾರಿಡಾರಿನಲ್ಲಿ ಸುತ್ತು ಹಾಕುತ್ತಿದ್ದವರು ಅಲ್ಲೇ ಕುಸಿದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅಕ್ಕ ಬಂದರು, ಮುಖ ನೋಡಿದರು, ಕಾಲು ಮುಟ್ಟಿದರು, ಕೂಗಲಿಲ್ಲ. ವ್ಯಾನಿನಲ್ಲಿ ಹಾಕಿಕೊಂಡು ಪದ್ಮನಾಭನಗರಕ್ಕೆ ಹೊರಟೆವು. ಬೀದಿ ತಿರುಗಿದರೆ ಗೇಟಿಗೆ ಬಾಳೆಕಂದು, ಮಾವಿನ ತೋರಣ, ಅಂಗಳಕ್ಕೆ ಚಪ್ಪರ. ಓನರ ಮಗಳಿಗೆ ಮಾರನೇ ದಿನ ಮದುವೆ. ಓನರು ಓಡಿ ಬಂದು ವ್ಯಾನಿಗೆ ಅಡ್ಡ ನಿಂತು ಕೈ ಮುಗಿದರು. ಅವರ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು.

"ಅಮ್ಮಾ, ತಪ್ಪು ತಿಳೀಬೇಡಿ. ನಾಳೆ ಧಾರೆ. ಗಂಡಿನ ಕಡೆಯೋರು ಆಗ್ಲೇ ಬಂದು ಇಳಿದಿದಾರೆ. ಚಪ್ಪರದ ಕೆಳಗೆ ಹೇಗಮ್ಮ ತರೋದು? ಬೇರೆ ಎಲ್ಲಾದ್ರೂ..."

ನಾನು ವ್ಯಾನಿನಿಂದ ಹಾರಿ ಇಳಿದು ಕೂಗಾಡಿದೆ. ಬಾಡಿಗೆ ಕೊಡ್ತಿಲ್ವೇನ್ರೀ, ಮನುಷ್ಯರೇನ್ರೀ ನೀವು ಎಂದೆಲ್ಲ. ಅಕ್ಕ ನನ್ನ ಕೈ ಹಿಡಿದು ಎಳೆದರು. "ಬಿಡೇ, ಮದುವೆ ಮನೆ. ಆ ಮಗು ಕೇಳಿಸ್ಕೊಳ್ಳುತ್ತೆ." ಡ್ರೈವರ್ ಕಡೆ ತಿರುಗಿ, "ಸುಬ್ರಹ್ಮಣ್ಯಪುರಕ್ಕೆ ನಡೀರಿ ಅಣ್ಣ, ದಾರಿ ನಾನು ಹೇಳ್ತೀನಿ" ಎಂದರು.

ಕಲ್ಲುಮನೆಯ ನೆರಳಿನಲ್ಲಿ ಚಾಪೆ ಹಾಸಿ ಅವರನ್ನು ಮಲಗಿಸಿದೆವು. ಚಾಪೆ ಕೊಟ್ಟವರು ಹೆಡ್ ಕ್ಲರ್ಕು. ಮನೆಯಿಂದ ಕೊಳಗದಲ್ಲಿ ನೀರು ಹೊತ್ತು ತಂದರು, ತಲೆಯ ಹತ್ತಿರ ದೀಪ ಹಚ್ಚಿಟ್ಟರು, ಆ ದೊಡ್ಡ ಗಂಟಲಿನಲ್ಲಿ ಅತ್ತರು. ಸಮಾಧಿ ಎಂದು ಹೆದರಿ ಆ ಕಡೆ ತಲೆಹಾಕದಿದ್ದ ಅಕ್ಕಪಕ್ಕದವರೆಲ್ಲ ಹೂ ತಂದರು. ತುಮಕೂರಿನಿಂದ ಅಕ್ಕನ ಮೈದುನ ಬರುವವರೆಗೆ ಕಾಯಬೇಕಿತ್ತು. ಅವರು ಬಂದದ್ದೇ ತಡ, ಪುರೋಹಿತರು ಅವಸರ ಮಾಡಿದರು, ಹೊತ್ತು ಮುಳುಗುವ ಮುಂಚೆ ಬನಶಂಕರಿ ಸ್ಮಶಾನ ಸೇರಬೇಕೆಂದು. ಮೈದುನ ಅಕ್ಕನ ಹತ್ತಿರ ಬಗ್ಗಿ, "ಅತ್ತಿಗೆ, ಹನ್ನೊಂದನೇ ದಿನದ ಕಾರ್ಯ ಎಲ್ಲಿ ಮಾಡೋದು? ಆ ಓನರು ಒಪ್ತಾರಾ?" ಎಂದು ಕೇಳಿದರು.

"ಇಲ್ಲೇ. ನಾಳೆಯಿಂದ ಕೆಲಸ ಹಿಡಿಸಿ, ಶೀಟು ಹೊದಿಸಿ ಒಂದು ರೂಮು ಎಬ್ಬಿಸಿಕೊಡಿ. ಪಾಯ ಎಲ್ಲಿ ಅಂತ ನಾನು ತೋರಿಸ್ತೀನಿ. ಕಲ್ಲು ಯಾರೂ ಮುಟ್ಟಬೇಡಿ. ನಾನು ಇನ್ನೆಲ್ಲಿಗೂ ಹೋಗಲ್ಲ."

"ಸರಿ ಅತ್ತಿಗೆ. ಈಗ ಎತ್ತೋಣ್ವಾ?"

"ಇನ್ನೂ ಸ್ವಲ್ಪ ಹೊತ್ತು ಇರ್ಲಿ. ಇಲ್ಲಿ ಯಾರೂ ಏನೂ ಅನ್ನಲ್ಲ."

ಮೈದುನ ದೂರ ಹೋದರು. ಅಕ್ಕ ಗಂಡನ ಮೇಲಿನ ಬಟ್ಟೆಯ ಸುಕ್ಕು ಸರಿಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದರು. "ಯಾಕೆ ಕಟ್ಟಿದ್ರು, ಯಾಕೆ ಕಟ್ಟಿದ್ರು ಅಂತ ಸಾಯೋ ತನಕ ತಲೆ ಕೆಡಿಸ್ಕೊಂಡ್ರಲ್ಲೇ ಇವರು. ಬದುಕಿರೋರು ಹೆಂಗೋ ಗಂಟು ಕಟ್ಕೊಂಡು ಇನ್ನೊಂದು ಕಡೆ ಹೋಗ್ತಾರೆ. ಸತ್ತೋರಿಗೆ ಯಾರೂ ಬಂದು ಖಾಲಿ ಮಾಡಿ ಅನ್ನಬಾರ್ದು, ಅದಕ್ಕೆ ಕಟ್ಟಿದ್ರು ಕಣೇ."

ನಾನು ಅವರ ಮುಖ ನೋಡಿದೆ. ಕಾಲು ನೋಡಿದೆ. ಈಗ ಎದ್ದು ಕೂತು, ಹೆಂಡತಿಯ ಆ ಮಾತಿಗೊಂದು ತಕರಾರು ತೆಗೆಯುತ್ತಾರೆಂದು, ದೇವರಾಣೆ, ಸ್ವಲ್ಪ ಹೊತ್ತು ಕಾದೆ.